ಕಾವೇರಿಯ ಗೂನುಬೆನ್ನಿನ ಮೀನು

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಕೊಳ್ಳೇಗಾಲ, ಹನೂರು ಸೀಮೆಯ ಕಾಡಿನಂಚಿನಲ್ಲಿ ಬಂಡೆಗಳನ್ನು ಬಳಸಿ ಹರಿಯುತ್ತದೆ. ಅಲ್ಲಿಯ ಮಡುಗಳು ಮಹಸೀರ್ ಮೀನಿಗೆ ಹೆಸರಾದವು. ಈ ಮೀನಿನಲ್ಲಿ ಎರಡು ಬಗೆ. ಒಂದು ಕಾವೇರಿಯ ಮೂಲನಿವಾಸಿ. ಮತ್ತೊಂದು 1970ರ ದಶಕದಿಂದ ಹೊರಗಿನಿಂದ ಮರಿಗಳನ್ನು ತಂದು ಬಿಟ್ಟದ್ದು. ಇವನ್ನು ಗುರುತಿಸುವುದು ಹೇಗೆ? ಮೂಲನಿವಾಸಿಯ ಬೆನ್ನು ತಲೆಯ ಹಿಂದೆಯೇ ಗೂನಿನಂತೆ ಮೇಲೇರುತ್ತದೆ. ಅದರ ಬಾಲದ ರೆಕ್ಕೆ ಕಿತ್ತಳೆ ಬಣ್ಣದ್ದು. ಹೊರಗಿನದರ ಬೆನ್ನಿನಲ್ಲಿ ಅಂತಹ ಗೂನಿಲ್ಲ. ರೆಕ್ಕೆಗಳಲ್ಲಿ ನೀಲಿಯ ಛಾಯೆಯಿದೆ.

ಗಾಳ ಹಾಕುವವರಿಗೆ ಗೂನುಮೀನು ಬಹುಕಾಲದಿಂದ ಚಿರಪರಿಚಿತ. ಕಾವೇರಿಯ ಉಪನದಿ ಕಬಿನಿಯಲ್ಲಿ 1946ರಲ್ಲಿ ಸಿಕ್ಕ ಒಂದರ ತೂಕ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ! ಇಂತಹ ದೈತ್ಯನಿಗೆ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲವೆಂಬುದು ಸೋಜಿಗ. ಹೆಸರಿಲ್ಲದ್ದರಿಂದ ಅದು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಲಿಲ್ಲ. ಇತ್ತ ಅದರ ಸಂತತಿ ಕುಸಿಯುತ್ತಿತ್ತು. ನೀಲಿರೆಕ್ಕೆಯವು ಹೆಚ್ಚಿದ್ದರಿಂದ ಆ ನಷ್ಟ ಕಣ್ಣಿಗೆ ಬೀಳಲಿಲ್ಲ.

ಕಾವೇರಿಯ ಜಲಾನಯನಕ್ಕೇ ಸೇರಿದ, ಕೇರಳದ ಪಾಂಬಾರ್ ಹೊಳೆಯ ಎಳೆಯ ಮೀನುಗಳಿಗೆ 2007ರಲ್ಲಿ ‘ಟೋರ್ ರೇಮಾದೇವಿಯೈ’ ಎಂದು ಹೆಸರಿಡಲಾಗಿತ್ತು. ವಿಜ್ಞಾನಿಗಳು ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಗೂನುಮೀನುಗಳ ಮೈಲಕ್ಷಣಗಳನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿ, ಎರಡೂ ಒಂದೇ ಪ್ರಭೇದವೆಂದು 2018ರಲ್ಲಿ ತೋರಿಸಿದರು. ಅದೇ ವರ್ಷ ಗೂನುಮೀನು ಅಂತಾರಾಷ್ಟ್ರೀಯ ಕೆಂಪುಪಟ್ಟಿಯನ್ನು ಸೇರಿತು, ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ.