ನೆಂಟರಲ್ಲದ ಆಪ್ತರು

ಕೌನ್ಸೆಲಿಂಗ್ ಎಂಬ ಮಾತಿಗೆ ‘ಆಪ್ತಸಮಾಲೋಚನೆ’ ಎಂಬ ಕನ್ನಡ ಪದವನ್ನು ರೂಢಿಗೆ ತಂದವರು, ಮೂಲದಲ್ಲಿ ಕಾಣದ ಒಂದು ಅರ್ಥವನ್ನು ಅದರೊಳಗೆ ಇರಿಸಿ ನಮಗೆ ದೊಡ್ಡ ಉಪಕಾರವನ್ನು ಮಾಡಿದ್ದಾರೆ. ನಮ್ಮ ತಾರ್ಕಿಕರು ಅರಿವಿನ ಸಾಧನಗಳಾದ ಪ್ರಮಾಣಗಳನ್ನು ಎಣಿಸುವಾಗ ಆಪ್ತವಾಕ್ಯಕ್ಕೂ ಒಂದು ಸ್ಥಾನವನ್ನು ಕೊಟ್ಟರು. ಯಥಾರ್ಥವನ್ನು ಬಲ್ಲವನೂ ಅದನ್ನು ಮರೆಮಾಚದೆ ನುಡಿಯುವವನೂ ಅವರ ದೃಷ್ಟಿಯಲ್ಲಿ ಆಪ್ತನು, ಅವನು ನೆಂಟನೇ ಆಗಿರಬೇಕೆಂಬ ನಿಯಮವಿಲ್ಲ. ಈ ಹಳೆಯ ತಿಳಿವಳಿಕೆಯನ್ನು ನಮ್ಮ ಕುಟುಂಬಗಳು ಇಂದು ಮತ್ತೆ ನೆನೆಯಬೇಕಾಗಿದೆ.

ಅವಿಭಕ್ತ ಕುಟುಂಬಗಳ ಕಾಲದಲ್ಲಿ ಸೊಸೆಯ ಅಳಲಿಗೆ ಅಜ್ಜಿಯ ಮಡಿಲೂ ಅಣ್ಣತಮ್ಮಂದಿರ ವೈಮನಸ್ಯಕ್ಕೆ ಸೋದರಮಾವನ ಮಧ್ಯಸ್ಥಿಕೆಯೂ ಒದಗುತ್ತಿದ್ದುದು ನಿಜ. ಆದರೆ ಆ ಆಶ್ರಯಗಳು ಎಲ್ಲ ದುಃಖಗಳಿಗೂ ತೆರೆದಿರಲಿಲ್ಲ. ನೆಂಟರ ಮುಂದೆ ಬಿಚ್ಚಿಟ್ಟ ಗುಟ್ಟು ಮುಂದಿನ ಮದುವೆಮನೆಯ ಪಂಕ್ತಿಯಲ್ಲಿ ಹತ್ತು ಬಾಯಿಗಳ ಮಾತಾಗಿ ಹಿಂದಿರುಗೀತೆಂಬ ಭಯದಿಂದ ಎಷ್ಟೋ ಮಂದಿ ಸಂಕಟವನ್ನು ನುಂಗಿಕೊಂಡೇ ಬಾಳಿದರು. ಆ ಭಯಕ್ಕೆ ಉತ್ತರವಾಗಿ ನಿಂತಿರುವುದು ಸಮಾಲೋಚಕರ ವೃತ್ತಿಧರ್ಮ. ಯಾರದಾದರೂ ಪ್ರಾಣಕ್ಕೆ ಅಪಾಯ ಒದಗುವಂಥ ಇಲ್ಲವೆ ಕಾನೂನೇ ಕಡ್ಡಾಯಪಡಿಸುವಂಥ ಸಂದರ್ಭಗಳನ್ನು ಬಿಟ್ಟರೆ ಅವರು ಕೇಳಿದ್ದನ್ನು ಹೊರಗೆ ಆಡತಕ್ಕದ್ದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದೇ ಸಾರಿದೆ. ಹಿರಿಯರು ಬುದ್ಧಿ ಹೇಳುತ್ತಾರೆ. ಸಮಾಲೋಚಕರು ಮೊದಲು ಕೇಳುತ್ತಾರೆ, ಕೇಳಿ ಕೇಳಿ, ಹೇಳುತ್ತಿರುವವರಿಗೇ ತಮ್ಮ ಮನಸ್ಸು ತಿಳಿಯಾಗುವಂತೆ ಮಾಡುತ್ತಾರೆ.

ದಂಪತಿಗಳ ಸಮಾಲೋಚನೆಯಲ್ಲಿ ಬಳಕೆಯಲ್ಲಿರುವ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಒಬ್ಬರು ಆಡಿದ ಮಾತನ್ನು ಮತ್ತೊಬ್ಬರು, ಉತ್ತರ ಕೊಡುವ ಮೊದಲು, ತಾವು ಕೇಳಿಸಿಕೊಂಡಂತೆ ತಿರುಗಿ ಹೇಳಬೇಕು. “ಅತ್ತೆಯವರು ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ನಾನೇ ಅವರ ಪಕ್ಕದಲ್ಲಿದ್ದೆ, ಒಂದು ದಿನವಾದರೂ ನೀವು ‘ನಿನ್ನ ಊಟ ಆಯಿತೆ’ ಎಂದು ಕೇಳಲಿಲ್ಲ” ಎಂದು ಹೆಂಡತಿ ಹೇಳಿದಳೆನ್ನೋಣ. “ನಮ್ಮ ತಾಯಿಯನ್ನು ನೋಡಿಕೊಂಡದ್ದು ಇವಳಿಗೆ ಭಾರವಾಯಿತಂತೆ” ಎಂದು ಗಂಡ ತಿರುಗಿ ಹೇಳುತ್ತಾನೆ. “ಅವರು ಹಾಗೆ ಹೇಳಲಿಲ್ಲ, ಇನ್ನೊಮ್ಮೆ ಕೇಳಿ” ಎನ್ನುತ್ತಾರೆ ಸಮಾಲೋಚಕರು. ಎರಡು ಬಾರಿಯೋ ಮೂರು ಬಾರಿಯೋ ಕೇಳಿದ ಮೇಲೆ ಅವನ ಬಾಯಿಂದ “ಊಟ ಆಯಿತೆ ಎಂದು ನಾನು ಕೇಳಲಿಲ್ಲ” ಎಂಬ ಸರಳ ವಾಕ್ಯ ಹೊರಡುತ್ತದೆ. ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದವರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದಕ್ಕೆ ಮೂರನೆಯವರ ಸನ್ನಿಧಿ ಬೇಕಾದುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯೂ ತೀರ್ಪಿಗೆ ಮೊದಲು ರಾಜಿಗೆ ಯತ್ನಿಸಬೇಕೆಂದು ವಿಧಿಸಿ, ಅದಕ್ಕಾಗಿ ಸಮಾಲೋಚಕರ ನೆರವಿಗೆ ಅವಕಾಶವಿತ್ತಿದೆ. ಆದರೆ ಹೊಡೆತ ಬಡಿತಗಳಿರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಮೊದಲ ಹೆಜ್ಜೆಯಾಗಲಾರದು; ಅಲ್ಲಿ ಮೊದಲು ಬೇಕಾದುದು ರಕ್ಷಣೆ. ಅದಕ್ಕೆ 181 ಎಂಬ ಮಹಿಳಾ ಸಹಾಯವಾಣಿಯೂ ‘ಸಖಿ’ ಕೇಂದ್ರಗಳೂ ಇವೆ.

ಒಬ್ಬರ ಮನೋವ್ಯಥೆ ಇಡೀ ಮನೆಯ ವ್ಯಥೆಯೂ ಹೌದು. ಇದನ್ನು ಅರಿತೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕುಟುಂಬದವರನ್ನು ಒಟ್ಟಾಗಿ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನು ನಡೆಸುತ್ತ ಬಂದಿದೆ. ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ಆ ಸಂಸ್ಥೆಯ ತಜ್ಞರು ನಡೆಸಿದ ಪ್ರಯೋಗವೇ ಮೇಲ್ಪಂಕ್ತಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಆದುದರಿಂದ ನೆರವನ್ನು ಅರಸುವವರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಲೇಸು.

ಖಾಸಗಿಯಾಗಿ ಹುಡುಕುವವರು ಒಂದು ಎಚ್ಚರವನ್ನು ಮರೆಯಬಾರದು. ಫಲಕ ತೂಗುಹಾಕಿದ ಮಾತ್ರಕ್ಕೆ ಯಾರಿಗೂ ಅರ್ಹತೆ ಸಿದ್ಧಿಸದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಔಷಧವನ್ನು ಬರೆದುಕೊಡುವುದು ವೈದ್ಯರಾದ ಮನೋರೋಗತಜ್ಞರ ಕೆಲಸ. ಎಲ್ಲಿ ಓದಿದಿರಿ, ಇಂಥ ತೊಂದರೆಗಳನ್ನು ಎಷ್ಟು ಕಾಲದಿಂದ ನೋಡುತ್ತಿದ್ದೀರಿ, ಫೀಸು ಎಷ್ಟು, ಒಂದು ಭೇಟಿಗೆ ಎಷ್ಟು ಹೊತ್ತು, ನನ್ನ ಮಾತಿನ ದಾಖಲೆ ಯಾರ ಕೈಯಲ್ಲಿರುತ್ತದೆ ಎಂದು ಸಂಕೋಚವಿಲ್ಲದೆ ಕೇಳಬಹುದು. ಯೋಗ್ಯರಾದವರು ಇದಕ್ಕೆ ಬೇಸರಿಸುವುದಿಲ್ಲ. ಒಂದೆರಡು ಭೇಟಿಗಳಲ್ಲಿ ಮನಸ್ಸು ಒಗ್ಗದಿದ್ದರೆ ಬೇರೊಬ್ಬರ ಬಳಿಗೆ ಹೋಗುವುದರಲ್ಲಿ ದೋಷವಿಲ್ಲ. ಒಂದೇ ಭೇಟಿಯಲ್ಲಿ ಎಲ್ಲವನ್ನೂ ಸರಿಮಾಡುವೆನೆಂದು ಭಾಷೆ ಕೊಡುವವರಿಂದ ಮಾತ್ರ ದೂರವಿರುವುದು ಕ್ಷೇಮ.

ದೂರದಲ್ಲಿರುವವರಿಗೆ ಧ್ವನಿಯೇ ಸೇತುವೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ತೊಡಗಿದರು. ‘ಆಕಾಶವಾಣಿ’ ಎಂಬ ಹೆಸರು ಅಂದಿನದು. ಮನಸ್ಸನ್ನು ಬಲ್ಲವರೊಬ್ಬರು ಮೊದಲು ಮಾಡಿದ ಈ ಕೆಲಸವನ್ನು, ಅಂದಿನ ವಾಣಿ ಮಾತಾಡಿತು, ಇಂದಿನ ಸಹಾಯವಾಣಿ ಕೇಳಿಸಿಕೊಳ್ಳುತ್ತದೆ ಎಂಬ ಭೇದದೊಡನೆ, ನೆನೆಯಬೇಕೆನಿಸುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಆನ್‌ಲೈನ್ ಸಮಾಲೋಚನೆಯಲ್ಲಿಯೂ ತಾಯ್ನುಡಿಯ ಈ ಅನುಕೂಲ ಮುಖ್ಯವೇ: ಪರದೇಶದಲ್ಲಿರುವ ಕನ್ನಡಿಗನೊಬ್ಬನು ಅಲ್ಲಿನ ಭಾಷೆಯಲ್ಲಿ ಕಚೇರಿಯ ವ್ಯವಹಾರವನ್ನೆಲ್ಲ ನಡೆಸಬಲ್ಲನಾದರೂ, ‘ಹೊಟ್ಟೆ ಉರಿಯುತ್ತದೆ’, ‘ಎದೆ ಭಾರವಾಗಿದೆ’ ಎಂಬ ಮಾತುಗಳು ಅವನಿಗೆ ಹುಟ್ಟುನುಡಿಯಲ್ಲಿಯೇ ಬರುತ್ತವೆ. ದೂರದ ಸಮಾಲೋಚನೆಗೆ ಬೇಕಾದುದು ಮುಖ್ಯವಾಗಿ ಏಕಾಂತ. ನಮ್ಮ ಚಿಕ್ಕ ಮನೆಗಳಲ್ಲಿ ಅದೇ ದುರ್ಲಭ. ಒಗೆದ ಬಟ್ಟೆಯ ಬಕೆಟ್ಟನ್ನು ಹಿಡಿದು ಮಹಡಿಯ ಮೇಲೆ ಹೋಗಿ, ಒಣಹಾಕಿದ ಸೀರೆಗಳ ಮರೆಯಲ್ಲಿ ನಿಂತು ಮಾತಾಡುವ ಗೃಹಿಣಿಯು ತನ್ನ ಕೋಣೆಯನ್ನು ತಾನೇ ಕಟ್ಟಿಕೊಂಡಂತೆಯೇ ಸರಿ. ಅವಳು ಕೆಳಗಿಳಿಯುವುದು ಐದು ನಿಮಿಷ ತಡವಾದರೆ ‘ಇಷ್ಟು ಹೊತ್ತು ಏಕೆ’ ಎಂದು ಕೇಳದಿರುವುದೂ ಮನೆಯವರು ಸಲ್ಲಿಸಬಹುದಾದ ಸೇವೆ.

ಹನ್ನೊಂದು ರಾತ್ರಿ ನಿದ್ದೆಗೆಟ್ಟು, ‘ಊಟ ಆಯಿತೆ’ ಎಂಬ ಮಾತಿಗಾಗಿ ಕಾಯುತ್ತಿರುವವರು ನಮ್ಮ ಮನೆಯಲ್ಲಿಯೇ ಇರಬಹುದು. ಆ ಮಾತನ್ನು ಕೇಳುವುದು ನಮ್ಮ ಕರ್ತವ್ಯ. ಅವರು ನಮ್ಮೊಡನೆ ಆಡಲಾಗದ ಮಾತಿಗೆ ಬೇರೊಂದು ಬಾಗಿಲುಂಟೆಂದು ತಿಳಿಸುವುದೂ ಕರ್ತವ್ಯವೇ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಸಹಾಯವಾಣಿಯ ಆ ಐದು ಅಂಕಿಗಳನ್ನು, 14416 ಎಂದು, ಎಲ್ಲರಿಗೂ ಕಾಣುವಂತೆ ಇಂದೇ ಬರೆದಿಡೋಣ.