ನಿದಾನ ಮತ್ತು ನಿಧಾನ

‘ನಿದಾನ’ವೆಂದರೆ ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನರಿತು ಅದನ್ನು ನಿರ್ಣಯಿಸುವುದು. ‘ನಿಧಾನ’ವೆಂದರೆ ನಮ್ಮ ಆಡುಮಾತಿನಲ್ಲಿ ಸಾವಕಾಶ. ಇವೆರಡಕ್ಕೂ ಇರುವುದು ಅಲ್ಪಪ್ರಾಣ ಮಹಾಪ್ರಾಣಗಳ ಅಂತರವಷ್ಟೆ. ಮೂವತ್ತು ವರುಷಗಳಿಗೂ ಹೆಚ್ಚುಕಾಲ ಹುಡುಗರ ಪುಸ್ತಕಗಳಲ್ಲಿ ಈ ಶಬ್ದಗಳನ್ನು ತಿದ್ದುತ್ತ ಬಂದ ನಾವು, ನಮ್ಮ ಮನೆತನದಲ್ಲಿಯೇ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಕುಳ್ಳಿರಿಸಿ ಅದರ ಫಲವನ್ನು ಅನುಭವಿಸಿದೆವು. ಜೀರ್ಣಾಂಗಗಳಲ್ಲಿ ಹುಟ್ಟುವ ಅರ್ಬುದ, ಎಂದರೆ ಕ್ಯಾನ್ಸರ್ ರೋಗದ ಗುರುತುಗಳನ್ನು ಕುರಿತು ಗೃಹಸ್ಥರಾದ ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದುದು ಆ ಕಾರಣದಿಂದ.

ನಮ್ಮ ಅಗ್ರಜರು ಹೊಸನಗರ ತಾಲೂಕಿನ ಹಳ್ಳಿಯೊಂದರಲ್ಲಿ ಅಡಕೆಯ ತೋಟವನ್ನು ಮಾಡಿಕೊಂಡಿದ್ದವರು, ವಯಸ್ಸು ೬೪. ಒಂದು ಮಳೆಗಾಲದ ಆರಂಭದಲ್ಲಿ ಅವರಿಗೆ ಊಟ ಸೇರದಾಯಿತು. ನಾಲ್ಕು ದೋಸೆ ತಿನ್ನುತ್ತಿದ್ದವರು ಒಂದೂವರೆಗೇ ಹೊಟ್ಟೆ ತುಂಬಿತೆಂದು ಕೈ ತೊಳೆಯುತ್ತಿದ್ದರು. ಅತ್ತಿಗೆಯವರು ಜೀರಿಗೆಯ ಕಷಾಯವನ್ನೂ ಶುಂಠಿಯ ತಂಬುಳಿಯನ್ನೂ ಮಾಡಿಕೊಟ್ಟರು. ನಮ್ಮನ್ನು ಕೇಳಿದಾಗ ನಾವು ಜಠರಾಗ್ನಿಯ ವಿಷಯವಾಗಿ ಕಂಠಪಾಠವಿದ್ದುದನ್ನೆಲ್ಲ ಹೇಳಿ, “ಇದು ಅಗ್ನಿಮಾಂದ್ಯ, ಪಥ್ಯದಿಂದ ಸರಿಹೋಗುತ್ತದೆ” ಎಂದು ತೀರ್ಪನ್ನು ಕೊಟ್ಟೆವು. ಪೇಟೆಯಿಂದ ತಂದ ಆಮ್ಲಶಮನದ ಮಾತ್ರೆಗಳಿಂದ ಎದೆಯುರಿ ಇಳಿಯಿತು. ಇಳಿದುದೇ ನಮ್ಮ ತೀರ್ಪಿಗೆ ಪ್ರಮಾಣವಾಯಿತು. ಡಾಕ್ಟರರಿಗೆ ತೋರಿಸಿರೆಂದು ಅತ್ತಿಗೆಯವರು ಹೇಳಿದರೆ “ಮಳೆ ಕಡಮೆಯಾಗಲಿ” ಎಂದರು. ಮಳೆ ನಿಂತಮೇಲೆ “ಕೊನೆಕೊಯಿಲು ಮುಗಿಯಲಿ” ಎಂದರು. ಕೊಯಿಲು ಮುಗಿಯುವ ಹೊತ್ತಿಗೆ ಉಟ್ಟ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಲವು ಡಾಂಬರಿನಂತೆ ಕಪ್ಪಾಗುತ್ತಿದ್ದುದನ್ನು ಅವರು ಲಜ್ಜೆಯಿಂದ ಯಾರಿಗೂ ಹೇಳಿರಲಿಲ್ಲ. ಶಿವಮೊಗ್ಗೆಯಲ್ಲಿ ಪರೀಕ್ಷಿಸಿದಾಗ ಜಠರದ ಅರ್ಬುದವು ಯಕೃತ್ತಿಗೂ ವ್ಯಾಪಿಸಿತ್ತು. “ತಮ್ಮಾ, ನೀನು ಓದಿದವನು, ನಿನಗೂ ತಿಳಿಯಲಿಲ್ಲವೇನೋ?” ಎಂದು ಅವರು ಕೇಳಿದ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ, ಆದುದರಿಂದಲೇ ಅದನ್ನು ಮರೆಯಲಾರೆವು. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ.

ರೋಗವನ್ನರಿಯುವುದಕ್ಕೆ ನಮ್ಮ ಪ್ರಾಚೀನರು ಐದು ಸಾಧನಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂದರೆ ಯಾವ ಔಷಧ ಅಥವಾ ಆಹಾರದಿಂದ ರೋಗಿಗೆ ಸುಖವಾಗುತ್ತದೆಯೆಂದು ನೋಡಿ ರೋಗವನ್ನು ಊಹಿಸುವುದು. ನಾವು ಎಡವಿದುದು ಅಲ್ಲಿಯೇ. ಆಮ್ಲವನ್ನು ತಗ್ಗಿಸುವ ಮಾತ್ರೆಯು ಸಾಮಾನ್ಯ ಹುಣ್ಣಿನ ಉರಿಯನ್ನು ಶಮನಮಾಡುವಂತೆಯೇ ಎಳೆಯ ಅರ್ಬುದದ ಉರಿಯನ್ನೂ ಕೆಲವು ಕಾಲ ಶಮನಮಾಡಬಲ್ಲುದು. ಉರಿ ಅಡಗುತ್ತದೆ, ರೋಗ ಬೆಳೆಯುತ್ತದೆ. ಸುಖವಾಯಿತೆಂದ ಮಾತ್ರಕ್ಕೆ ರೋಗವು ತಿಳಿಯಿತೆಂದು ಭಾವಿಸತಕ್ಕದ್ದಲ್ಲ.

ಇನ್ನು ಗುರುತುಗಳ ವಿಚಾರ. ಅನ್ನನಾಳದಲ್ಲಿ ರೋಗವಿದ್ದರೆ ಮೊದಲು ರೊಟ್ಟಿ, ಅನ್ನದ ತುತ್ತುಗಳು ಎದೆಯಲ್ಲಿ ನಿಂತಂತಾಗಿ, ಬರಬರುತ್ತ ಗಂಜಿಯೂ, ಕೊನೆಗೆ ನೀರೂ ಇಳಿಯದಾಗುತ್ತದೆ. ಜಠರದಲ್ಲಿದ್ದರೆ ಸ್ವಲ್ಪ ಉಂಡರೆ ಹೊಟ್ಟೆ ತುಂಬುವುದು, ಅರುಚಿ, ವಾಂತಿ, ಕಪ್ಪು ಮಲ, ಕಾರಣವಿಲ್ಲದೆ ಮೈಯಿಳಿಯುವುದು. (ಕಬ್ಬಿಣಾಂಶದ ಮಾತ್ರೆ ಸೇವಿಸುವವರಿಗೂ ಮಲ ಕಪ್ಪಾಗುವುದುಂಟು.) ದೊಡ್ಡ ಕರುಳಿನಲ್ಲಿದ್ದರೆ ಬಹುಕಾಲದ ಮಲಪ್ರವೃತ್ತಿಯ ಕ್ರಮವು ಬದಲಾಗಿ ಒಮ್ಮೆ ಮಲಬದ್ಧತೆ, ಒಮ್ಮೆ ಭೇದಿ, ಮಲದೊಡನೆ ರಕ್ತ, ಹೋಗಿಬಂದರೂ ಇನ್ನೂ ಉಳಿದಿದೆಯೆಂಬ ಭಾವನೆ. ಕೆಲವೊಮ್ಮೆ ಬೇರೇನೂ ತೋರದೆ ರಕ್ತಹೀನತೆಯೊಂದೇ ಕಾಣುವುದು. ಗಂಡಸರಲ್ಲಿಯೂ, ಮುಟ್ಟು ನಿಂತ ಹೆಂಗಸರಲ್ಲಿಯೂ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಕಂಡರೆ ಟಾನಿಕ್ಕನ್ನಷ್ಟೇ ಕೊಟ್ಟು ಸುಮ್ಮನಿರಬಾರದು. ರಕ್ತವು ಎಲ್ಲಿ ಸೋರುತ್ತಿದೆಯೆಂದು ಹುಡುಕಬೇಕು.

ನಮ್ಮ ಸೀಮೆಯಲ್ಲಿ ಮೋಸಹೋಗುವುದಕ್ಕೆ ಎರಡು ಪರಿಚಿತ ಹೆಸರುಗಳುಂಟು. ಒಂದು ಮೂಲವ್ಯಾಧಿ. ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ಮನೆಯವರೇ ನಿಶ್ಚಯಿಸಿ ಬೇರುಗಳನ್ನು ಅರೆಯತೊಡಗುತ್ತಾರೆ; ಮೂಲವ್ಯಾಧಿಯೂ ಅರ್ಬುದವೂ ಒಬ್ಬರಲ್ಲಿಯೇ ಇರಬಹುದೆಂದು ಯೋಚಿಸುವುದಿಲ್ಲ. ಮತ್ತೊಂದು ಕಾಮಾಲೆ. ಕಣ್ಣು ಹಳದಿಯಾದರೆ ಸೊಪ್ಪಿನ ರಸ ಕೊಡುವವರನ್ನು ಹುಡುಕಿ ಹೋಗುವುದು ಇಲ್ಲಿ ರೂಢಿ. ಆದರೆ ವಯಸ್ಸಾದವರಲ್ಲಿ ನೋವಿಲ್ಲದೆ ಕಾಮಾಲೆ ಏರುತ್ತ, ಮೂತ್ರ ಕಡುಬಣ್ಣವಾಗಿ, ಮಲವು ಜೇಡಿಮಣ್ಣಿನಂತೆ ಬಿಳಿಚಿ, ಮೈ ತುರಿಸಿದರೆ, ಪಿತ್ತನಾಳಕ್ಕೆ ತಡೆಯುಂಟಾಗಿರಬಹುದು. ಮೇದೋಜೀರಕಾಂಗದ ಅರ್ಬುದವು ಅಂತಹ ತಡೆಗೆ ಒಂದು ಕಾರಣ.

ಈ ಗುರುತುಗಳು ಬಹುಮಂದಿಯಲ್ಲಿ ಸಾಧಾರಣ ರೋಗಗಳಿಂದಲೇ ಹುಟ್ಟುತ್ತವೆ, ಆದುದರಿಂದ ಭಯಪಡಬೇಕಾದುದಿಲ್ಲ. ಆದರೆ ಮೂರು ವಾರಗಳಾದರೂ ನಿಲ್ಲದ ಉಪದ್ರವವನ್ನು ಊಹೆಗೆ ಬಿಡಬಾರದು. ತುತ್ತು ಇಳಿಯದಿರುವುದು, ಕಪ್ಪು ಮಲ, ರಕ್ತ, ಕಾಮಾಲೆ ಇವುಗಳಿಗಂತೂ ಮೂರು ವಾರವೂ ಹೆಚ್ಚು.

ಪರೀಕ್ಷೆಯು ಕೇಳಿದಷ್ಟು ಘೋರವಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧವನ್ನು ಸಿಂಪಡಿಸಿ, ತುದಿಯಲ್ಲಿ ದೀಪವೂ ಕ್ಯಾಮರಾವೂ ಇರುವ ಬಳುಕುವ ನಳಿಕೆಯನ್ನು ಇಳಿಸಿ, ಅನ್ನನಾಳ ಜಠರಗಳ ಒಳಮೈಯನ್ನು ನೋಡುತ್ತಾರೆ; ಇದೇ ಎಂಡೋಸ್ಕೋಪಿ. ದೊಡ್ಡ ಕರುಳನ್ನು ಹಿಂದಿನ ದಿನ ಔಷಧದಿಂದ ತೊಳೆದು ಕೆಳಗಿನಿಂದ ನೋಡುವುದು ಕೊಲೊನೋಸ್ಕೋಪಿ. ಸಂಶಯ ತೋರಿದೆಡೆ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವುದು ಬಯಾಪ್ಸಿ. ಸಾಮಾನ್ಯವಾಗಿ ರೋಗದ ಹೆಸರನ್ನು ನಿಶ್ಚಯಿಸುವುದು ಈ ಚೂರೇ. ‘ಕತ್ತಿ ತಾಗಿದರೆ ಹರಡುತ್ತದೆ’ ಎಂಬ ಹೆದರಿಕೆಯಿಂದ ಇದನ್ನು ಬಿಡಬಾರದು. ಅನಂತರ ಸಿ.ಟಿ. ಸ್ಕ್ಯಾನಿನಿಂದ ರೋಗವು ಎಷ್ಟು ದೂರ ಹರಡಿದೆಯೆಂಬುದನ್ನು ಅರಿಯುತ್ತಾರೆ. ಹಲವು ದೇಶಗಳಲ್ಲಿ ೪೫ ಅಥವಾ ೫೦ ವರುಷ ದಾಟಿದವರಿಗೆ, ಯಾವ ಉಪದ್ರವವಿಲ್ಲದಿದ್ದರೂ, ಕಣ್ಣಿಗೆ ಕಾಣದ ರಕ್ತಕ್ಕಾಗಿ ಮಲಪರೀಕ್ಷೆ ಮಾಡುತ್ತಾರೆ.

ಕಾರಣಗಳ ವಿಷಯದಲ್ಲಿ ನಮ್ಮವರಿಗೆ ಅಪ್ರಿಯವಾದ ಒಂದು ಮಾತನ್ನು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಕೆಯನ್ನೇ ಅರ್ಬುದಕಾರಕವೆಂದು ಎಣಿಸಿದೆ. ಹೊಗೆಸೊಪ್ಪು ಕೂಡಿದ ಕವಳವು ಬಾಯಿಗೆ ಮಾತ್ರವಲ್ಲ, ಅನ್ನನಾಳಕ್ಕೂ ಅಪಾಯಕರವೆಂದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ನಮಗೆ ಅನ್ನ ಕೊಟ್ಟಿರುವುದು ಅಡಕೆಯೇ. ಬೆಳೆಯ ಚರ್ಚೆ ಇಲ್ಲಿ ಬೇಡ. ಕವಳ ಹಾಕುವವರು ತುತ್ತು ನಿಂತಂತಾದರೆ ಒಂದು ದಿನವೂ ತಡಮಾಡಬಾರದೆಂಬುದಷ್ಟೇ ನಮ್ಮ ವಿಜ್ಞಾಪನೆ.

ಸಾಗರ ತಾಲೂಕಿನ ಆನಂದಪುರದ ಸಮೀಪದ ನರಸೀಪುರದ ಹೆಸರನ್ನು ಕೇಳದವರು ವಿರಳ. ೨೦೨೦ರಲ್ಲಿ ದಿವಂಗತರಾದ ನಾಟಿವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ಮರದ ಚಕ್ಕೆಗಳಿಗಾಗಿ ಗುರುವಾರ ಭಾನುವಾರಗಳಂದು ಪರಪ್ರಾಂತಗಳಿಂದ ಜನರು ಬಂದು ಸಾಲುಗಟ್ಟಿ ನಿಲ್ಲುತ್ತಿದ್ದರು. ಹಲವರ ಕೈಯಲ್ಲಿ ದೊಡ್ಡ ಆಸ್ಪತ್ರೆಗಳ ವರದಿಗಳಿದ್ದವು; ಅವರಿಗೆ ರೋಗದ ಹೆಸರು ತಿಳಿದಿತ್ತು. ನಮ್ಮ ಹಳ್ಳಿಗಳಲ್ಲಿ ಹೆಸರೇ ತಿಳಿಯದೆ ಔಷಧ ನಡೆಯುತ್ತದೆ. ಯಾರ ಶ್ರದ್ಧೆಯನ್ನೂ ನಾವು ಹಳಿಯುವುದಿಲ್ಲ; ಆದರೆ ಶಸ್ತ್ರಕ್ರಿಯೆಯಿಂದ ರೋಗವನ್ನು ಸಮೂಲವಾಗಿ ತೆಗೆಯಬಹುದಾದ ಕಾಲವನ್ನು ಬೇರೆ ಯಾವ ಔಷಧಕ್ಕಾಗಿಯೂ ಕಳೆಯಬಾರದು.

೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಾದಂದಿನಿಂದ, ಕಾಡಿಗೆ ಹೋದವರಿಗೆ ಜ್ವರ ಬಂದರೆ ರಕ್ತಪರೀಕ್ಷೆ ಆಗಬೇಕೆಂಬುದನ್ನು ನಮ್ಮ ಜನ ಕಲಿತಿದ್ದಾರೆ. ಹೊಟ್ಟೆಯ ವಿಷಯದಲ್ಲಿಯೂ ಆ ಎಚ್ಚರ ಬರಬೇಕು. ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಶಿವಮೊಗ್ಗೆಗೆ, ಘಟ್ಟವಿಳಿದರೆ ಮಣಿಪಾಲಕ್ಕೆ, ಅಗತ್ಯ ಬಿದ್ದರೆ ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದಾರಿಯಿದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಕೇಳಿ ಪಡೆಯತಕ್ಕದ್ದು.

ಅಣ್ಣಯ್ಯನವರು ತೀರಿದ ಮರುವರುಷ, ತೀರ್ಥಹಳ್ಳಿಯ ಕಡೆಯ ನಮ್ಮ ನೆಂಟರ ಮನೆಯಲ್ಲಿ ಹಿರಿಯ ಮುತ್ತೈದೆಯೊಬ್ಬರ ಮುಖ ಬಿಳಿಚಿದುದನ್ನು ಅವರ ಸೊಸೆ ಗಮನಿಸಿದಳು. “ಅತ್ತೆ, ನಾಚಿಕೆ ಬೇಡ, ರಕ್ತ ಹೋಗುತ್ತದೆಯೇ?” ಎಂದು ಏಕಾಂತದಲ್ಲಿ ಕೇಳಿದಳು. “ಹೌದು, ಎರಡು ವಾರವಾಯಿತು” ಎಂದರು. ಆ ವಾರವೇ ಕೊಲೊನೋಸ್ಕೋಪಿ ನಡೆಯಿತು, ರೋಗವು ಕರುಳಿನ ಗೋಡೆಯನ್ನು ದಾಟಿರಲಿಲ್ಲ, ಶಸ್ತ್ರಕ್ರಿಯೆಯಾಯಿತು. ಆರು ವರುಷಗಳಾದವು, ಕಳೆದ ತಿಂಗಳು ನಾವು ಹೋದಾಗ ಅವರು ಅಂಗಳದಲ್ಲಿ ಕುಳಿತು ಅಡಕೆ ಸುಲಿಯುತ್ತಿದ್ದರು.

ಎರಡು ಮನೆಗಳಲ್ಲಿಯೂ ಪ್ರೀತಿಗೆ ಕೊರತೆಯಿರಲಿಲ್ಲ. ಒಂದರಲ್ಲಿ ಕಷಾಯ ಮಾಡಿಕೊಟ್ಟರು, ಒಂದರಲ್ಲಿ ಪ್ರಶ್ನೆ ಕೇಳಿದರು. ವಾಚಕರು ಇಂದು ಊಟಕ್ಕೆ ಕುಳಿತಾಗ ಮನೆಯ ಹಿರಿಯರು ಎಷ್ಟು ಉಣ್ಣುತ್ತಾರೆಂಬುದನ್ನು ಸ್ವಲ್ಪ ನೋಡಲಿ. ಕಡಮೆಯೆಂದು ತೋರಿದರೆ, ಕಾರಣವನ್ನು ಕೇಳಲಿ.