ಬಸ್ ಗೇಮ್ ಹ್ಯಾಂಗ್ ಆಗ್ತಿದೆಯಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಮಾಡ್ ಫೋಲ್ಡರ್ ನೋಡಿ

ಐರಾವತ ಬಣ್ಣದ ವೋಲ್ವೊ, ಕೆಂಪು ಸಾರಿಗೆ ಬಸ್ಸು, ರಸ್ತೆಯಲ್ಲಿ ಅಡ್ಡ ಬರೋ ಆಟೊ. ಹುಡುಗರು ಕಂಪ್ಯೂಟರ್‌ನಲ್ಲಿ ಓಡಿಸುವ 'ಯೂರೊ ಟ್ರಕ್ ಸಿಮ್ಯುಲೇಟರ್ 2' ಗೇಮಿನಲ್ಲಿ ಇವೆಲ್ಲ ಮೂಲದಲ್ಲಿ ಬಂದಿದ್ದಲ್ಲ. ಜೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರ ಅಕ್ಟೋಬರ್‌ನಲ್ಲಿ ಈ ಗೇಮ್ ಬಿಡುಗಡೆ ಮಾಡಿದಾಗ ಅದರಲ್ಲಿ ಇದ್ದದ್ದು ಯುರೋಪಿನ ರಸ್ತೆ, ಯುರೋಪಿನ ಲಾರಿ. ನಮ್ಮ ಬಸ್ಸು, ನಮ್ಮ ರಸ್ತೆ, ನಮ್ಮ ಹಾರ್ನ್ ಶಬ್ದವನ್ನು ಅದರೊಳಗೆ ತಂದವರು ಮಾಡ್ ಮಾಡುವ ಹವ್ಯಾಸಿಗಳು.

ತೊಂದರೆ ಶುರುವಾಗೋದೂ ಅಲ್ಲೇ. ಮಾಡ್ ಮೇಲೆ ಮಾಡ್ ಹಾಕ್ತಾ ಹೋದಂತೆ ಒಂದು ದಿನ ಗೇಮ್ ನಿಂತ ಜಾಗದಲ್ಲೇ ನಿಂತುಬಿಡುತ್ತೆ. "ಕಂಪ್ಯೂಟರ್ ಹಾಳಾಯ್ತು" ಅಂತ ಮನೆಯವರು ರಿಪೇರಿ ಅಂಗಡಿಗೆ ಹೊತ್ತೊಯ್ಯುತ್ತಾರೆ. ಫಾರ್ಮ್ಯಾಟ್ ಆಗುತ್ತೆ, ಕೆಲವೊಮ್ಮೆ ಹೊಸ ರ‍್ಯಾಮ್ ಕೂಡ ಬೀಳುತ್ತೆ. ಮನೆಗೆ ಬಂದು ಅದೇ ಮಾಡ್‌ಗಳನ್ನು ಮತ್ತೆ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ಹ್ಯಾಂಗ್. ದುಡ್ಡೂ ಹೋಯ್ತು, ಬ್ಯಾಕಪ್ ಇಲ್ಲದಿದ್ದರೆ ಫೋಟೊ, ಅಂಗಡಿ ಲೆಕ್ಕವೂ ಹೋಯ್ತು.

ಹೀಗಾಗಬಾರದು ಅಂದ್ರೆ ಮೊದಲು ಮಾಡಬೇಕಾದ್ದು ಒಂದೇ: ದೋಷ ಕಂಪ್ಯೂಟರಿನದೋ, ಮಾಡ್‌ನದೋ ಅಂತ ಬೇರ್ಪಡಿಸಿ ನೋಡುವುದು. ಇದಕ್ಕೆ ಖರ್ಚಿಲ್ಲ. ಒಂದೆರಡು ಗಂಟೆ ತಾಳ್ಮೆ ಇದ್ದರೆ ಸಾಕು.

ನಿಂತಿದ್ದು ಗೇಮೋ, ಇಡೀ ಕಂಪ್ಯೂಟರೋ?

ಗೇಮ್ ಹ್ಯಾಂಗ್ ಆದ ತಕ್ಷಣ ಪವರ್ ಬಟನ್ ಒತ್ತಬೇಡಿ. ಕೀಬೋರ್ಡಿನಲ್ಲಿ ನಮ್‌ಲಾಕ್ ಅಥವಾ ಕ್ಯಾಪ್ಸ್‌ಲಾಕ್ ಕೀ ಒತ್ತಿ, ಅದರ ಪುಟ್ಟ ಲೈಟ್ ನೋಡಿ. ಒತ್ತಿದಾಗ ಲೈಟ್ ಹತ್ತಿ ಆರುತ್ತಿದ್ದರೆ ವಿಂಡೋಸ್ ಇನ್ನೂ ಜೀವಂತ, ನಿಂತಿರೋದು ಗೇಮ್ ಮಾತ್ರ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಗೇಮನ್ನು ಮುಚ್ಚಬಹುದು. ಇಂಥ ಕಡೆ ಮೊದಲ ಅನುಮಾನ ಮಾಡ್ ಮೇಲೆ.

ಲೈಟ್ ಅಲುಗಾಡದೆ, ಮೌಸ್ ಬಾಣವೂ ಸರಿಯದೆ ಎಲ್ಲವೂ ಕಲ್ಲಿನಂತೆ ನಿಂತಿದ್ದರೆ, ಅಥವಾ ಕಂಪ್ಯೂಟರ್ ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ವಿಷಯ ಬೇರೆ. ಅದು ಶಾಖ, ಗ್ರಾಫಿಕ್ಸ್ ಡ್ರೈವರ್, ರ‍್ಯಾಮ್ ಅಥವಾ ಪವರ್ ಸಪ್ಲೈ ಸಮಸ್ಯೆ ಇರಬಹುದು. ಗೇಮ್ ಬಿಟ್ಟು ಬೇರೆ ಕೆಲಸ ಮಾಡುವಾಗಲೂ ಹೀಗೇ ಆಗುತ್ತಿದ್ದರೆ ರಿಪೇರಿ ಅಂಗಡಿಗೆ ಹೋಗುವುದೇ ಸರಿ.

ಎಲ್ಲಿ ನಿಲ್ಲುತ್ತೆ ಅನ್ನೋದೇ ಸುಳಿವು

ಗೇಮ್ ಪ್ರತಿಸಲ ಒಂದೇ ಊರು, ಒಂದೇ ತಿರುವಿನಲ್ಲಿ ನಿಲ್ಲುತ್ತಿದ್ದರೆ ಮ್ಯಾಪ್ ಮಾಡ್‌ನಲ್ಲಿ ಅಲ್ಲಿನ ಯಾವುದೋ ಕಟ್ಟಡ, ಮರ ಅಥವಾ ರಸ್ತೆಯ ಫೈಲ್ ಕೆಟ್ಟಿದೆ ಎಂದು ತಿಳಿಯಬಹುದು. ಲೋಡ್ ಆಗುವ ಪರದೆಯಲ್ಲೇ ಸಿಕ್ಕಿಕೊಂಡರೆ ಮಾಡ್‌ನ ವರ್ಷನ್ ಗೇಮಿಗೆ ಹೊಂದುತ್ತಿಲ್ಲ ಅನ್ನಬಹುದು. ಒಂದು ನಿರ್ದಿಷ್ಟ ಬಸ್ ಹತ್ತಿದಾಗ ಅಥವಾ ಶೋರೂಮ್ ತೆರೆದಾಗ ಮಾತ್ರ ನಿಂತರೆ ಆ ಬಸ್ಸಿನ ಮಾಡ್ ಮೇಲೇ ಕಣ್ಣಿಡಿ.

ಎರಡು ಮೂರು ಸೆಕೆಂಡ್ ನಿಂತು ಮತ್ತೆ ಓಡುತ್ತಿದ್ದರೆ ಅದು ಪೂರ್ತಿ ಹ್ಯಾಂಗ್ ಅಲ್ಲ. ಹಳೇ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಮುಂದಿನ ಊರಿನ ಚಿತ್ರಗಳನ್ನು ಓದಿಕೊಳ್ಳುವಷ್ಟು ಹೊತ್ತು ಗೇಮ್ ಕಾಯುತ್ತೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಂತರೆ ಶಾಖವನ್ನೂ ಮೆಮೊರಿಯನ್ನೂ ಅನುಮಾನಿಸಬೇಕು.

ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ನಿಂತಿತು, ಯಾವ ಬಸ್ ಓಡಿಸುತ್ತಿದ್ದದ್ದು ಎಂದು ಮೂರು ಸಲ ಚೀಟಿಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಕೈಹಾಕುವ ಮುಂಚೆ ಬ್ಯಾಕಪ್

ಗೇಮಿನ ಉಳಿಕೆ, ಮಾಡ್‌ಗಳು ಇರುವುದು ವಿಂಡೋಸ್‌ನ 'ಡಾಕ್ಯುಮೆಂಟ್ಸ್' ಒಳಗಿನ 'ಯೂರೊ ಟ್ರಕ್ ಸಿಮ್ಯುಲೇಟರ್ 2' ಫೋಲ್ಡರ್‌ನಲ್ಲಿ. ಆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಅಥವಾ ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಮಾಡ್ ತೆಗೆದಾಗ ಅದರ ಬಸ್ಸು ಗ್ಯಾರೇಜಿನಿಂದ ಕಾಣೆಯಾಗಬಹುದು, ಮಧ್ಯದಲ್ಲಿದ್ದ ಟ್ರಿಪ್ ರದ್ದಾಗಬಹುದು. ಕಾಪಿ ಇದ್ದರೆ ವಾಪಸ್ ತರಬಹುದು. ಪ್ರೊಫೈಲ್‌ಗೆ ಸ್ಟೀಮ್ ಕ್ಲೌಡ್ ಆನ್ ಆಗಿದ್ದರೆ ಅದು ಈ ಜಾಗದಲ್ಲಿ ಇರಲ್ಲ. ಗೇಮ್ ಒಳಗೆ ಪ್ರೊಫೈಲ್ ಎಡಿಟ್‌ಗೆ ಹೋಗಿ ಕ್ಲೌಡ್ ಟಿಕ್ ತೆಗೆದರೆ ಫೋಲ್ಡರ್‌ಗೆ ಬರುತ್ತೆ.

ಇನ್ನೊಂದು ವಿಷಯ. ಕೆಲವು ಕಂಪ್ಯೂಟರ್‌ಗಳಲ್ಲಿ 'ಡಾಕ್ಯುಮೆಂಟ್ಸ್' ಫೋಲ್ಡರೇ ಒನ್‌ಡ್ರೈವ್ ಒಳಗೆ ಹೋಗಿರುತ್ತೆ. ಆಗ ಜಿಬಿಗಟ್ಟಲೆ ಮಾಡ್‌ಗಳು ಇಂಟರ್ನೆಟ್‌ಗೆ ಅಪ್‌ಲೋಡ್ ಆಗಲು ಶುರುವಾಗಿ, ಡಿಸ್ಕೂ ಡೇಟಾವೂ ಎಳೆದಾಡುತ್ತವೆ. ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗೋದು 5 ಜಿಬಿ ಮಾತ್ರ. ಗೇಮ್ ಆಡುವ ಹೊತ್ತಿಗೆ ಸಿಂಕ್ ನಿಲ್ಲಿಸಿ ನೋಡಿ.

ಮಾಡ್ ಇಲ್ಲದೆ ಒಂದು ಟ್ರಿಪ್

ಈಗ ಮುಖ್ಯ ಪರೀಕ್ಷೆ. ಗೇಮ್ ತೆರೆದು ಹೊಸ ಪ್ರೊಫೈಲ್ ಮಾಡಿ. ಅದರಲ್ಲಿ ಒಂದೂ ಮಾಡ್ ಆನ್ ಮಾಡಬೇಡಿ. ಯುರೋಪಿನ ರಸ್ತೆಯಲ್ಲೇ ಒಂದು ಗಂಟೆ ಲಾರಿ ಓಡಿಸಿ.

ಏನೂ ತೊಂದರೆ ಇಲ್ಲದೆ ಓಡಿದರೆ ಕಂಪ್ಯೂಟರ್ ಬಹುತೇಕ ಚೆನ್ನಾಗಿದೆ ಅಂತಲೇ ಅರ್ಥ. ಫಾರ್ಮ್ಯಾಟ್ ಬೇಡ. ಮಾಡ್ ಇಲ್ಲದೆಯೂ ನಿಂತರೆ ಸ್ಟೀಮ್‌ನಲ್ಲಿ ಗೇಮಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಇನ್‌ಸ್ಟಾಲ್ಡ್ ಫೈಲ್ಸ್ ಅಡಿಯಲ್ಲಿ 'ವೆರಿಫೈ' ಒತ್ತಿ. ಕೆಟ್ಟ ಫೈಲ್ ಇದ್ದರೆ ಅದನ್ನಷ್ಟೇ ಮತ್ತೆ ಇಳಿಸಿಕೊಳ್ಳುತ್ತೆ. ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟ್ ಹೋದ ಮನೆಗಳಲ್ಲಿ ಇದು ಉಪಯೋಗಕ್ಕೆ ಬರುವ ಪರೀಕ್ಷೆ. ಆದರೆ ಇದು ಮಾಡ್ ಫೋಲ್ಡರ್‌ನಲ್ಲಿ ನೀವೇ ತಂದು ಹಾಕಿದ ಫೈಲ್‌ಗಳನ್ನು ಮುಟ್ಟಲ್ಲ.

ಅರ್ಧರ್ಧ ಮಾಡಿ ಹುಡುಕೋದು

ಮಾಡ್ ಇಲ್ಲದೆ ಓಡಿ, ಮಾಡ್ ಹಾಕಿದರೆ ನಿಲ್ಲುತ್ತಿದೆ ಅಂದ್ರೆ ಕಳ್ಳ ಆ ಪಟ್ಟಿಯಲ್ಲೇ ಇದ್ದಾನೆ. ಒಂದೊಂದಾಗಿ ತೆಗೆದು ನೋಡ್ತಾ ಕೂತರೆ ದಿನವೆಲ್ಲ ಬೇಕು. ಅದಕ್ಕೆ ಅರ್ಧ ಮಾಡುವ ದಾರಿ ಇದೆ.

16 ಮಾಡ್ ಇವೆ ಅಂದುಕೊಳ್ಳಿ. ಮಾಡ್ ಮ್ಯಾನೇಜರ್‌ನಲ್ಲಿ 8 ಆಫ್ ಮಾಡಿ, 8 ಇಟ್ಟುಕೊಂಡು ಅದೇ ಜಾಗಕ್ಕೆ ಹೋಗಿ. ನಿಂತರೆ ತಪ್ಪಿತಸ್ಥ ಈ ಎಂಟರಲ್ಲಿ, ನಿಲ್ಲದಿದ್ದರೆ ಆ ಎಂಟರಲ್ಲಿ. ಮುಂದೆ 4, ಆಮೇಲೆ 2, ಆಮೇಲೆ 1. ಹದಿನಾರು ಸಲದ ಕೆಲಸ ನಾಲ್ಕು ಸಲಕ್ಕೆ ಮುಗಿಯುತ್ತೆ. 32 ಇದ್ದರೂ ಐದೇ ಸಲ. ದೊಡ್ಡ ಮ್ಯಾಪ್ ಮಾಡ್‌ಗಳು ಎರಡು ಮೂರು ಫೈಲ್ ಆಗಿ ಬರುತ್ತವೆ, ಅವನ್ನು ಬೇರ್ಪಡಿಸದೆ ಒಂದೇ ಮಾಡ್ ಅಂತ ಲೆಕ್ಕ ಹಾಕಿ.

ಕೆಲವೊಮ್ಮೆ ಎರಡೂ ಅರ್ಧ ಬೇರೆ ಬೇರೆಯಾಗಿ ಚೆನ್ನಾಗಿ ಓಡುತ್ತವೆ, ಸೇರಿಸಿದರೆ ಮಾತ್ರ ನಿಲ್ಲುತ್ತೆ. ಆಗ ದೋಷ ಒಂದು ಮಾಡ್‌ನದಲ್ಲ, ಎರಡರ ಜಗಳ. ಒಂದು ಅರ್ಧವನ್ನು ಹಾಗೇ ಇಟ್ಟು, ಇನ್ನೊಂದು ಅರ್ಧದಿಂದ ಒಂದೊಂದೇ ಸೇರಿಸುತ್ತಾ ಹೋದರೆ ಜಗಳ ಎಲ್ಲಿ ಶುರುವಾಗುತ್ತೆ ಅಂತ ಸಿಗುತ್ತೆ.

ಈ ಜಗಳ ಎಷ್ಟೋ ಸಲ ಬರೀ ಕ್ರಮದ್ದು. ಮಾಡ್ ಮ್ಯಾನೇಜರ್‌ನ ಆನ್ ಪಟ್ಟಿಯಲ್ಲಿ ಮೇಲಿರುವ ಮಾಡ್‌ನ ಮಾತೇ ನಡೆಯುತ್ತೆ, ಕೆಳಗಿನದ್ದರಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಅದು ಲೆಕ್ಕಕ್ಕಿಲ್ಲ. ಮಾಡ್ ಮಾಡಿದವರು ಕ್ರಮ ಹೇಳಿದ್ದರೆ ಹಾಗೇ ಜೋಡಿಸಿ. ಟ್ರಾಫಿಕ್ ಮಾಡ್ ಎರಡು ಇದ್ದರೆ ಒಂದು ತೆಗೆಯಿರಿ.

ಲಾಗ್ ಫೈಲ್ ಓದಿ

ಅದೇ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ 'ಗೇಮ್ ಡಾಟ್ ಲಾಗ್' ಅನ್ನೋ ಟೆಕ್ಸ್ಟ್ ಫೈಲ್ ಇರುತ್ತೆ. ಗೇಮ್ ಏನೇನು ಮಾಡಿತು ಅಂತ ಗಂಟೆ, ನಿಮಿಷದ ಸಮೇತ ಬರೆದಿಟ್ಟುಕೊಳ್ಳುವ ದಿನಚರಿ ಅದು. ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೆ. ಆದರೆ ಗೇಮ್ ಮತ್ತೆ ಆನ್ ಮಾಡಿದ ಕೂಡಲೇ ಹಳೆಯದು ಅಳಿಸಿ ಹೊಸದು ಶುರು. ಆದ್ದರಿಂದ ಹ್ಯಾಂಗ್ ಆದ ಮೇಲೆ ಮೊದಲು ಅದನ್ನು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಗೇಮ್ ತೆರೆಯಿರಿ.

ಮೇಲ್ಭಾಗದಲ್ಲಿ ಆನ್ ಇರುವ ಮಾಡ್‌ಗಳ ಹೆಸರು, ಕೆಳಗೆ 'ಎರರ್' ಅಂತ ಗುರುತಿರುವ ಸಾಲುಗಳು ಸಿಗುತ್ತವೆ. ಎರರ್ ಸಾಲು ಕಂಡ ಕೂಡಲೇ ಗಾಬರಿ ಬೇಡ. ಮಾಡ್ ಹಾಕಿದ ಗೇಮಿನಲ್ಲಿ ಎರರ್ ಇಲ್ಲದ ಲಾಗ್ ಸಿಗೋದೇ ಅಪರೂಪ, ಅದರಲ್ಲಿ ಬಹಳಷ್ಟು ನಿರುಪದ್ರವಿ. ನೋಡಬೇಕಾದ್ದು ಕೊನೆಯ ಕೆಲವು ಸಾಲುಗಳನ್ನು. ಮೂರು ಸಲ ಹ್ಯಾಂಗ್ ಆದಾಗಲೂ ಕೊನೆಯಲ್ಲಿ ಅದೇ ಫೈಲ್ ಹೆಸರು ಬಂದಿದ್ದರೆ, ಅರ್ಧರ್ಧ ಮಾಡಿ ಹುಡುಕುವಾಗ ಆ ಹೆಸರಿನ ಮಾಡ್‌ನಿಂದಲೇ ಶುರು ಮಾಡಿ.

ಅಪ್‌ಡೇಟ್ ಆದ ಮರುದಿನ ನಿಂತರೆ

ಸ್ಟೀಮ್ ಗೇಮನ್ನು ತಾನಾಗೇ ಅಪ್‌ಡೇಟ್ ಮಾಡುತ್ತೆ. ಮಾಡ್ ಮಾತ್ರ ಹಳೆಯ ವರ್ಷನ್‌ಗೆ ಮಾಡಿದ್ದಾಗೇ ಉಳಿಯುತ್ತೆ. ನಿನ್ನೆ ಓಡಿದ್ದು ಇವತ್ತು ನಿಲ್ಲಲು ಇದೇ ಸಾಮಾನ್ಯ ಕಾರಣ. ಗೇಮಿನ ಮೊದಲ ಪರದೆಯಲ್ಲಿ ವರ್ಷನ್ ನಂಬರ್ ಇರುತ್ತೆ, ಮಾಡ್ ಯಾವ ವರ್ಷನ್‌ಗೆ ಎಂದು ಅದರ ವಿವರಣೆಯಲ್ಲಿ ಇರುತ್ತೆ. ಎರಡೂ ಹೊಂದದಿದ್ದರೆ ಹೊಸ ಮಾಡ್ ಬರುವವರೆಗೆ ಕಾಯಬೇಕು, ಇಲ್ಲವೇ ಗೇಮನ್ನೇ ಹಿಂದಿನ ವರ್ಷನ್‌ಗೆ ಇಳಿಸಬೇಕು. ಇಳಿಸಲು ಸ್ಟೀಮ್ ಪ್ರಾಪರ್ಟೀಸ್‌ನ 'ಬೀಟಾಸ್' ಭಾಗದಲ್ಲಿ ಹಳೇ ವರ್ಷನ್‌ಗಳ ಪಟ್ಟಿ ಕೊಟ್ಟಿದ್ದಾರೆ. ಇಳಿಸುವ ಮುಂಚೆ ಪ್ರೊಫೈಲ್ ಕಾಪಿ ಮರೆಯಬೇಡಿ, ಹೊಸ ವರ್ಷನ್‌ನಲ್ಲಿ ಸೇವ್ ಆದ ಆಟ ಹಳೆಯದರಲ್ಲಿ ತೆರೆಯದೇ ಹೋಗಬಹುದು.

ಮಾಡ್‌ನದ್ದಲ್ಲ ಅಂತಾದ್ರೆ

ಗೇಮ್ ಓಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಮತ್ತು ಡಿಸ್ಕ್ ಎರಡನ್ನೂ ನೋಡಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ಮೊದಲು ಕ್ರೋಮ್ ಮುಚ್ಚಿ, ಟ್ರಾಫಿಕ್ ಮಾಡ್ ಕಡಿಮೆ ಮಾಡಿ, ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ ಮತ್ತು ಸ್ಕೇಲಿಂಗ್ ಇಳಿಸಿ. ಇಷ್ಟಾದರೂ ತುಂಬುತ್ತಿದ್ದರೆ ಮಾತ್ರ ರ‍್ಯಾಮ್ ಮಾತು. ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ ರ‍್ಯಾಮ್‌ಗಿಂತ ಎಸ್‌ಎಸ್‌ಡಿ ಹಾಕಿಸುವುದೇ ಹೆಚ್ಚು ಉಪಯೋಗ. ಸಿ ಡ್ರೈವ್ ಕೆಂಪಾಗಿದ್ದರೆ ಮೊದಲು ಜಾಗ ಖಾಲಿ ಮಾಡಿ. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನ ಜಾಗವನ್ನೇ ಬಳಸುತ್ತೆ, ಅಲ್ಲೂ ಜಾಗ ಇಲ್ಲದಿದ್ದರೆ ಗೇಮ್ ಬೀಳುತ್ತೆ.

ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಟ್ಟು ಆಡಿದರೆ ಕೆಳಗಿನ ಗಾಳಿ ಕಿಂಡಿ ಮುಚ್ಚುತ್ತೆ. ರಸ್ತೆ ಪಕ್ಕದ ಅಂಗಡಿಗಳ ಕಂಪ್ಯೂಟರ್‌ನಲ್ಲಿ ಫ್ಯಾನ್ ತುಂಬ ಧೂಳು. ಒಮ್ಮೆ ಧೂಳು ತೆಗೆಸಿ, ಮೇಜಿನ ಮೇಲಿಟ್ಟು ಆಡಿ ನೋಡಿ.

ಅಂಗಡಿ ಕಂಪ್ಯೂಟರ್ ಆಗಿದ್ರೆ ಹುಷಾರ್

ಹಗಲು ಬಿಲ್ಲಿಂಗ್, ರಾತ್ರಿ ಮಗನ ಬಸ್ ಗೇಮ್. ಹಲವು ಅಂಗಡಿಗಳಲ್ಲಿ ಕಂಪ್ಯೂಟರ್ ಒಂದೇ. ಇಲ್ಲಿ ಗೇಮ್ ನಿಲ್ಲುವುದಕ್ಕಿಂತ ದೊಡ್ಡ ಅಪಾಯ ಮಾಡ್ ಹೆಸರಲ್ಲಿ ಒಳಗೆ ಬರುವ ಬೇರೆ ಫೈಲ್‌ಗಳು.

ಈ ಗೇಮಿನ ಮಾಡ್ ಫೈಲ್ ಹೆಸರಿನ ಕೊನೆಯಲ್ಲಿ 'ಡಾಟ್ ಎಸ್‌ಸಿಎಸ್' ಅಥವಾ 'ಡಾಟ್ ಜಿಪ್' ಇರಬೇಕು. 'ಡಾಟ್ ಇಎಕ್ಸ್‌ಇ' ಇದ್ದರೆ ಅದು ಬಸ್ಸಲ್ಲ, ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಮ್. ಅದನ್ನು ಡಬಲ್ ಕ್ಲಿಕ್ ಮಾಡಲೇಬೇಡಿ. ವಿಂಡೋಸ್ ಈ ಕೊನೆಯ ಅಕ್ಷರಗಳನ್ನು ಮುಚ್ಚಿಡುತ್ತೆ, ಫೋಲ್ಡರ್ ಕಿಟಕಿಯ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿದರೆ ಕಾಣುತ್ತೆ. "ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಎಂದು ಯಾರೇ ಹೇಳಿದರೂ ಅಲ್ಲಿಗೇ ಬಿಟ್ಟುಬಿಡಿ. ಸ್ಟೀಮ್ ವರ್ಕ್‌ಶಾಪ್‌ನಲ್ಲೇ ಸಿಗುವ ಮಾಡ್ ಇದ್ದರೆ ಅದೇ ವಾಸಿ.

ಮಕ್ಕಳಿಗೆ ವಿಂಡೋಸ್‌ನಲ್ಲಿ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಬಿಲ್ಲಿಂಗ್ ಲೆಕ್ಕವನ್ನು ದಿನವೂ ಪೆನ್‌ಡ್ರೈವ್‌ಗೆ ತೆಗೆದು, ಕಿತ್ತು ಬೀರುವಿನಲ್ಲಿಡಿ. ಬ್ಯಾಂಕ್ ಖಾತೆಯಿಂದ ಹಣ ಹೋದದ್ದು ಗೊತ್ತಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ರಿಪೇರಿಗೆ ಕೊಡುವಾಗ

ಇಷ್ಟೆಲ್ಲ ಆದಮೇಲೂ ಅಂಗಡಿಗೆ ಹೋಗಲೇಬೇಕು ಅಂತಾದರೆ ಬರೀ "ಹ್ಯಾಂಗ್ ಆಗುತ್ತೆ ಸಾರ್" ಅನ್ನಬೇಡಿ. ಲೈಟ್ ಪರೀಕ್ಷೆಯಲ್ಲಿ ಏನಾಯಿತು, ಮಾಡ್ ಇಲ್ಲದೆ ಎಷ್ಟು ಹೊತ್ತು ಓಡಿತು, ಮೆಮೊರಿ, ಡಿಸ್ಕ್ ಎಷ್ಟಿತ್ತು, ಈ ಮೂರು ಹೇಳಿ. ರಿಪೇರಿಯವರಿಗೂ ದಾರಿ ಸಿಗುತ್ತೆ, ನಿಮಗೂ ಬೇಡದ ಬಿಲ್ ಬರಲ್ಲ. ಫಾರ್ಮ್ಯಾಟ್ ಅಂದರೆ ಒಪ್ಪುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಡೇಟಾ ಬ್ಯಾಕಪ್ ತೆಗೆದ್ರಾ, ತೋರಿಸ್ತೀರಾ?" ಬ್ಯಾಕಪ್ ಕಣ್ಣಾರೆ ನೋಡಿದ ಮೇಲೆ ಹೂಂ ಅನ್ನಿ.